ಬೋಪಣ್ಣನ ಟಯರಿಗೆ ಮೂರನೇ ಎಫ್‌ಸಿ

"ಎಫ್‌ಸಿ ಆಯ್ತಾ?" ಎಂದು ಕೇಳಿದ ಬೋಪಣ್ಣ. ಎಫ್‌ಸಿ ಅಂದರೆ ಗಾಡಿ ಓಡಿಸಲು ಯೋಗ್ಯ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟು. ಬಾಯಿ ಸುಬ್ಬಯ್ಯನ ಕಡೆ, ಕಣ್ಣು ಅವನ ಜೀಪಿನ ಟಯರಿನ ಕಡೆ. ಟಯರು ಬೋಪಣ್ಣನದೇ ಅಲ್ವಾ!

"ಆಯ್ತು ಮಾರಾಯ. ಇನ್ನು 5 ವರ್ಷ ಚಿಂತೆ ಇಲ್ಲ."

"ಯಾರಿಗೆ? ನಿನ್ನ ಜೀಪಿಗೋ, ಬೋಪಣ್ಣನ ಟಯರಿಗೋ?" ಎಂದೆ.

ಈ ಚಾಳಿ ಕಂಡರೇ ನನಗೆ ಮೈ ಉರಿಯುತ್ತದೆ. ಜೀಪಿಗೆ 15 ವರ್ಷ ತುಂಬಿ ಎಫ್‌ಸಿ ಮಾಡಿಸುವ ದಿನ ಬಂತೋ, ಊರಲ್ಲಿ ಮದುವೆ ಮನೆ ಗಡಿಬಿಡಿ. ಒಬ್ಬರ ವೈಪರ್, ಇನ್ನೊಬ್ಬರ ಸ್ಟೆಪ್ನಿ, ಮತ್ತೊಬ್ಬರ ಹಾರ್ನ್. ಎಲ್ಲ ತೊಡಿಸಿ ಮಡಿಕೇರಿಗೆ ಕಳಿಸುವುದು, ಸಂಜೆ ಒಡವೆ ಬಿಚ್ಚಿ ವಾಪಸ್ ಕೊಡುವುದು.

"ತಪ್ಪೇನಣ್ಣ?" ಎಂದ ಉಸ್ಮಾನ್, ಕೈಯ ಗ್ರೀಸ್ ಒರೆಸುತ್ತಾ. "ಟಯರಿನ ಗೆರೆ 1.6 ಮಿಲಿಮೀಟರ್ ಆಳ ಇರಲೇಬೇಕು."

"ಸುಬ್ಬಯ್ಯನ ಟಯರಲ್ಲಿ ಗೆರೆ ಹುಡುಕೋಕೆ ಹಸ್ತರೇಖೆ ನೋಡೋನೇ ಬರಬೇಕಿತ್ತು ಬಿಡು."

"ಬ್ರೇಕ್ ಇನ್‌ಸ್ಪೆಕ್ಟರ್ ಏನಂದ್ರು?" ಬೋಪಣ್ಣನಿಗೆ ಅದೇ ಚಿಂತೆ.

"ಹಿಂದಿನ ಚಕ್ರದ ಹತ್ತಿರ ಕೂತೇಬಿಟ್ರು. ನಿನ್ನ ಗೇಟಿನ ಹಸಿರು ಪೇಂಟು ತಾಗಿದೆಯಲ್ಲ, ಅದನ್ನ ಉಗುರಲ್ಲಿ ಕೆರೆದು, 'ಈ ಟಯರು ಇಲ್ಲಿಗೆ ಬರ್ತಿರೋದು ಮೂರನೇ ಸಲ, ಗಾಡಿ ಮಾತ್ರ ಪ್ರತಿಸಲ ಬೇರೆ' ಅಂದ್ರು."

"ಬೋಪಣ್ಣ, ಟಯರಿಗೇ ಒಂದು ಆರ್‌ಸಿ, ಅದೇ ನೋಂದಣಿ ಪತ್ರ, ಮಾಡಿಸು. ಕೆಎ 12 ಅಂತ ನಂಬರನ್ನೂ ಬರೆಸು," ಎಂದೆ.

ಮಾತು ದುಡ್ಡಿಗೆ ತಿರುಗಿತು. ಆರ್‌ಸಿ ನವೀಕರಣಕ್ಕೆ ಮೊದಲು 600 ರೂಪಾಯಿ ಇತ್ತು, 2022ರ ಏಪ್ರಿಲ್‌ನಿಂದ 5,000 ಆಯ್ತು. ಅದರ ಮೇಲೆ ಗ್ರೀನ್ ಟ್ಯಾಕ್ಸು, ಇನ್ಶೂರೆನ್ಸು, ಹೊಗೆ ತಪಾಸಣೆ. ಕಾಳುಮೆಣಸಿನ ರೇಟಿನ ಬಗ್ಗೆಯೂ ಸ್ವಲ್ಪ ಜಗಳ ಆಯಿತು. ಅದು ಇಲ್ಲಿ ಬೇಡ.

"ಇಷ್ಟು ಸುರಿಯೋ ಬದಲು ಹೊಸ ಗಾಡಿ ತಗೋಬಾರದಾ?" ಎಂದ ಬೋಪಣ್ಣ.

ಸುಬ್ಬಯ್ಯ ಬೀಡಿ ಹಚ್ಚಿದ. "ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೀಬೇಕಲ್ಲ. ಜೀಪಿನಡಿ ಮಲಗಿ ಸೀಮೆಎಣ್ಣೆ ಹಾಕಿ ಕೆರೆದೆ. ಮಣ್ಣು ಪದರ ಪದರವಾಗಿ ಬಿತ್ತು. ಮೇಲಿಂದು ಕೆಮ್ಮಣ್ಣು, ನಮ್ಮ ತೋಟದ್ದು. ಅದರೊಳಗೆ ಬೂದಿ ಬಣ್ಣದ್ದು, ಕಲ್ಲಿನ ಹಾಗೆ ಅಂಟಿಕೊಂಡಿತ್ತು."

ಅವನು ಹೇಳುವ ಮೊದಲೇ ಗೊತ್ತಾಯಿತು. 2018ರ ಆಗಸ್ಟ್‌ನಲ್ಲಿ, ಮಳೆಗೆ ಗುಡ್ಡಗಳು ಕುಸಿದಾಗ, ಮಡಿಕೇರಿ ಹತ್ತಿರದ ಮಕ್ಕಂದೂರು ಕಡೆಯಿಂದ ಅವನ ಅಕ್ಕನ ಮನೆಯವರನ್ನು ಕರೆತಂದದ್ದು ಇದೇ ಜೀಪು. ಮಕ್ಕಳು ಹಿಂದೆ, ಅಜ್ಜಿ ಮುಂದೆ, ಅಜ್ಜಿಯ ಮಡಿಲಲ್ಲಿ ಕೋಳಿ. ಬೆಳಗಾಗುವಷ್ಟರಲ್ಲಿ ಮನೆ ಹಿಂದಿನ ಗುಡ್ಡ ಜಾರಿಹೋಗಿತ್ತು.

"ಆ ಗುಡ್ಡದಲ್ಲಿ ಉಳಿದಿರೋದು ಅಷ್ಟೇ ಈಗ," ಎಂದ ಸುಬ್ಬಯ್ಯ.

ನನಗೂ ತಮಾಷೆ ಹೊಳೆಯಲಿಲ್ಲ. ಉಸ್ಮಾನ್ ಸುಮ್ನೆ ಬಾನೆಟ್ ಒರೆಸಿದ.

"ಪೂರ್ತಿ ತೊಳೆದುಬಿಟ್ಟೆಯಾ?" ಎಂದೆ.

"ಇಲ್ಲಪ್ಪ. ನಂಬರ್ ಕಾಣೋವಷ್ಟು ಜಾಗ ಮಾತ್ರ."

ಮಳೆ ಹನಿ ಶುರುವಾಯಿತು. ಬೋಪಣ್ಣ ಎದ್ದವನು ಜೀಪಿನ ಹತ್ತಿರ ಹೋಗಿ ಟಯರನ್ನು ಒಮ್ಮೆ ಒದ್ದು ನೋಡಿದ.

"ಈ ಮಳೆಗಾಲ ಮುಗೀಲಿ, ಆಮೇಲೆ ಬಿಚ್ಚು."