ಅಪ್‌ಡೇಟ್: ಆ ಹಳೇ ಕ್ಯಾಬಿನ್ ಕ್ರೂಸರ್ ಕೊನೆಗೆ ತಗೊಳ್ಳಲಿಲ್ಲ

ಹಳೇ ಫೈಬರ್‌ಗ್ಲಾಸ್ ಕ್ಯಾಬಿನ್ ಕ್ರೂಸರ್ (ಒಳಗೆ ಕೋಣೆ ಇರುವ ಮೋಟಾರ್ ಬೋಟ್) ಒಂದನ್ನು ಕೊಂಡು ನಾನೇ ರಿಪೇರಿ ಮಾಡಿಕೊಳ್ಳಬಹುದಾ ಅಂತ ಇಲ್ಲಿ ಕೇಳಿದ್ದೆ. ಸಲಹೆ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್. ಬೋಟ್ ಬೇಡ ಅಂತ ತೀರ್ಮಾನಿಸಿದೆ.

ಹೆಚ್ಚು ಕೆಲಸಕ್ಕೆ ಬಂದಿದ್ದು "ಪ್ಲಾಸ್ಟಿಕ್ ಸುತ್ತಿಗೆಯಿಂದ ಡೆಕ್ ಪೂರ್ತಿ ತಟ್ಟಿ ನೋಡಿ" ಅನ್ನುವ ಸಲಹೆ (ಡೆಕ್ ಅಂದರೆ ಬೋಟಿನ ಮೇಲುಗಡೆಯ ನೆಲ). ಗಟ್ಟಿ ಇರುವ ಕಡೆ ಟಕ್ ಟಕ್ ಅಂತ ಚುರುಕಾದ ಸದ್ದು. ಮುಂದುಗಡೆ ಹಗ್ಗ ಕಟ್ಟುವ ಕ್ಲೀಟ್‌ಗಳ ಸುತ್ತ ಮಾತ್ರ ಮಂಕು ಸದ್ದು. ಮಾಲೀಕರನ್ನು ಕೇಳಿ ಒಂದು ಸ್ಕ್ರೂ ಬಿಚ್ಚಿದೆ. ತೂತಿನಿಂದ ಕಂದು ನೀರು ಒಸರಿತು, ಜೊತೆಗೆ ಕೊಳೆತ ಮರದ ಪುಡಿ! ಫೈಬರ್‌ಗ್ಲಾಸ್ ಕೊಳೆಯಲ್ಲ ನಿಜ, ಆದರೆ ಎರಡು ಪದರದ ನಡುವೆ ಇರುವ ಪ್ಲೈವುಡ್ ಕೊಳೆಯುತ್ತೆ. ನೀರು ಒಳಗೆ ಹೋಗದಂತೆ ಹಚ್ಚುವ ಸೀಲಂಟ್ ಹಳೇದಾದ ಪುಟ್ಟ ಸ್ಕ್ರೂ ತೂತು ಇದಕ್ಕೆ ಸಾಕು ಅಂತ ನನಗೆ ಗೊತ್ತೇ ಇರಲಿಲ್ಲ.

ತಳಕ್ಕೆ ತೇವಾಂಶ ಮೀಟರ್ ಹಿಡಿಯುವ ಉಪಾಯ ನಡೆಯಲಿಲ್ಲ. ಪಾಚಿ ಹಿಡಿಯದಂತೆ ಬಳಿದಿದ್ದ ಬಣ್ಣದಲ್ಲಿ ತಾಮ್ರ ಇತ್ತು, ಹಾಗಾಗಿ ರೀಡಿಂಗ್ ನಂಬುವ ಹಾಗಿರಲಿಲ್ಲ. ಇಂಜಿನ್ ಕಂಪ್ರೆಷನ್ (ಒಳಗಿನ ಒತ್ತಡ) ಎಲ್ಲಾ ಸಿಲಿಂಡರ್‌ಗಳಲ್ಲೂ ಚೆನ್ನಾಗಿತ್ತು. ಅದನ್ನಷ್ಟೇ ನೋಡಿದ್ದರೆ ಖಂಡಿತ ಕೊಂಡುಬಿಡುತ್ತಿದ್ದೆ.

ಆಮೇಲೆ ಬೋಟ್ ಪರೀಕ್ಷಿಸುವ ಸರ್ವೇಯರ್ ಒಬ್ಬರನ್ನು ಕರೆಸಿದೆ. ಇಂಜಿನ್ ಕೂತಿರುವ ಉದ್ದನೆಯ ತೊಲೆಗಳು, ಅಂದರೆ ಸ್ಟ್ರಿಂಜರ್‌ಗಳೂ ಮೆತ್ತಗಾಗಿದ್ದವು. ಅವನ್ನು ಬದಲಾಯಿಸಲು ಇಂಜಿನ್ ಎತ್ತಬೇಕು, ನೆಲ ಕೊಯ್ಯಬೇಕು. ಬಿಡುವಿನ ವೇಳೆಯಲ್ಲಿ ಒಬ್ಬನೇ ಮಾಡೋ ಕೆಲಸ ಅಲ್ಲ ಅದು, ಅಲ್ವಾ? ಡೆಕ್ ಒಂದೇ ಆಗಿದ್ದರೆ ಖುಷಿಯಿಂದ ಕೈ ಹಾಕುತ್ತಿದ್ದೆ.

ಈಗ ಸ್ಟ್ರಿಂಜರ್ ಗಟ್ಟಿ ಇರುವ, ಬೇಕಿದ್ದರೆ ಇಂಜಿನ್ ಕೆಟ್ಟಿರುವ ಬೋಟ್ ಹುಡುಕುತ್ತಿದ್ದೇನೆ.