ಅಪ್‌ಡೇಟ್: ಶಾಲೆಯ ಲ್ಯಾಬ್‌ಗೆ ಲಿನಕ್ಸ್ ಹಾಕಿದೆವು

ನಮ್ಮ ಶಾಲೆಯ ಹಳೆ ಕಂಪ್ಯೂಟರ್‌ಗಳಲ್ಲಿ ಟಿಪಿಎಂ 2.0 (ವಿಂಡೋಸ್ 11 ಕೇಳುವ ಭದ್ರತಾ ಚಿಪ್) ಇಲ್ಲ, ವಿಂಡೋಸ್ 11 ಹಾಕುವ ಹಾಗಿಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ ಬದಲಿಗೆ ಲಿನಕ್ಸ್ ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಬಹುದಾ ಅಂತ ಕೇಳಿದ್ದೆ ಅಲ್ವಾ? ಹಾಕಿದೆವು. ಚೆನ್ನಾಗಿ ನಡೆಯುತ್ತಿದೆ.

ನಿಮ್ಮಲ್ಲೊಬ್ಬರು ಫ್ರಾನ್ಸಿನ ಜಾಂಡಾರ್ಮರಿ ಪೊಲೀಸರ ಉದಾಹರಣೆ ಕೊಟ್ಟಿದ್ದಿರಿ. ಅವರು 2005ರಲ್ಲಿ ಮೊದಲು ಓಪನ್‌ಆಫೀಸ್‌ಗೆ (ವರ್ಡ್, ಎಕ್ಸೆಲ್ ತರಹದ ಉಚಿತ ತಂತ್ರಾಂಶ) ಬದಲಾದರು, ಆಮೇಲೆ ಫೈರ್‌ಫಾಕ್ಸ್ ಬ್ರೌಸರ್, ಇಮೇಲ್‌ಗೆ ಥಂಡರ್‌ಬರ್ಡ್, 2008ರಿಂದ ಉಬುಂಟು ಅನ್ನೋ ಲಿನಕ್ಸ್. ಮೊದಲು ತಂತ್ರಾಂಶ, ಆಮೇಲೆ ಆಪರೇಟಿಂಗ್ ಸಿಸ್ಟಂ ಅನ್ನೋ ಈ ಮಾತು ನಮಗೆ ತುಂಬಾ ಉಪಯೋಗವಾಯಿತು. ನಾವೂ ವಿಂಡೋಸ್‌ನಲ್ಲೇ ಓಪನ್‌ಆಫೀಸ್ ತರಹದ್ದೇ ಆದ ಲಿಬ್ರೆಆಫೀಸ್ ಹಾಕಿ ಎರಡು ತಿಂಗಳು ಬಿಟ್ಟೆವು. ಎಲ್ಲರ ಕೈ ಪಳಗಿದ ಮೇಲೆ, ಒಂದು ಪೆನ್‌ಡ್ರೈವ್‌ನಿಂದ ಲೈವ್ ಆಗಿ (ಇನ್‌ಸ್ಟಾಲ್ ಮಾಡದೆ) ಓಡಿಸಿ ವೈಫೈ, ಸೌಂಡ್ ಎಲ್ಲ ನೋಡಿಕೊಂಡು ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಅನ್ನೋ ಹಗುರ ಆವೃತ್ತಿ ಹಾಕಿದೆವು.

ಮಕ್ಕಳಿಗೆ ಒಂದು ದಿನವೂ ಕಷ್ಟ ಆಗಲಿಲ್ಲ. ಒದ್ದಾಡಿದ್ದು ಆಫೀಸಿನ ಕೆಲಸಕ್ಕೆ. ವರ್ಡ್‌ನಲ್ಲಿ ಮಾಡಿದ್ದ ಹಳೆ ಫಾರ್ಮ್‌ಗಳು ತೆರೆದ ಕೂಡಲೇ ಸಾಲು ಜರುಗಿ ಎರಡನೇ ಪುಟಕ್ಕೆ ಹೋಗುತ್ತಿದ್ದವು, ಸುಮ್ನೆ ಲಿಬ್ರೆಆಫೀಸ್‌ನ ಮೇಲೆ ತಪ್ಪು ಹೊರಿಸುತ್ತಿದ್ದೆವು, ಆದರೆ ಕಾರಣ ವರ್ಡ್‌ನ ಫಾಂಟ್‌ಗಳು ಲಿನಕ್ಸ್‌ನಲ್ಲಿ ಇಲ್ಲದ್ದು. ವರ್ಡ್‌ನ ಕ್ಯಾಲಿಬ್ರಿ ಫಾಂಟ್‌ನ ಅಳತೆಗೇ ಮಾಡಿದ ಕಾರ್ಲಿಟೋ, ಕೇಂಬ್ರಿಯಾಗೆ ಕಲಾಡಿಯಾ ಹಾಕಿದ ಮೇಲೆ ಮುಕ್ಕಾಲು ಪಾಲು ಸರಿಹೋಯಿತು. ಮ್ಯಾಕ್ರೋ (ಕೆಲಸ ತಾನಾಗಿ ಮಾಡಿಸುವ ಸಣ್ಣ ಪ್ರೋಗ್ರಾಂ) ಇರುವ ಒಂದು ಎಕ್ಸೆಲ್ ಫೈಲ್ ಮಾತ್ರ ಹೊಸದಾಗಿ ಬರೆಯಬೇಕಾಯಿತು.

ಸ್ಕ್ಯಾನರ್ ಇನ್ನೂ ಕೆಲಸ ಮಾಡುತ್ತಿಲ್ಲ. ಡ್ರೈವರ್ ಬಗ್ಗೆ ಗೊತ್ತಿದ್ದವರು ದಯವಿಟ್ಟು ಹೇಳಿ, ಮಾಡೆಲ್ ನಂಬರ್ ನಾಳೆ ಹಾಕುತ್ತೇನೆ.