ಮಗಳಿಗೆ ಡಬ್ಲ್ಯುಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) ಕಮಿಟಿಯಲ್ಲಿ ಇಂಡೋನೇಷ್ಯಾ ಸಿಕ್ಕಿದೆ, ಎಮ್‌ಯುಎನ್‌ಗೆ ಹೋದವರು ಅನುಭವ ಹೇಳಿ

ಶಿರಸಿ ಅಮ್ಮ: ಮಗಳು ಮೊದಲ ಪಿಯುಸಿ. ಎಮ್‌ಯುಎನ್ ಅಂದರೆ ಮಕ್ಕಳು ಒಂದೊಂದು ದೇಶದ ಪ್ರತಿನಿಧಿ (ಡೆಲಿಗೇಟ್) ಆಗಿ ವಾದಿಸುವ ಅಣಕು ವಿಶ್ವಸಂಸ್ಥೆ, ಹುಬ್ಬಳ್ಳಿಯಲ್ಲಿ ಎರಡು ದಿನ. ಅಜೆಂಡಾ: ವೈರಸ್ ಮಾದರಿ ಕೊಟ್ಟ ದೇಶಕ್ಕೆ ಲಸಿಕೆಯ ಪಾಲು. ಫೀ 1,800. ಮೊದಲ ಸಲ, ಕಳಿಸಬಹುದಾ?

ಬೈತಖೋಲ, ಕಾರವಾರ: ಹೋದ ವರ್ಷ ಮಗನನ್ನು ಮಡಗಾಂವ್‌ಗೆ ಕರ್ಕೊಂಡು ಹೋಗಿದ್ದೆ. ಫೀ 2,200, ಲಾಡ್ಜ್ ಎರಡು ರಾತ್ರಿ 3,600, ಬ್ಲೇಜರ್ ಬಾಡಿಗೆ 700. ತೋಳಿಗೆ ಸಾರು ಚೆಲ್ಲಿತು ಅಂತ ಠೇವಣಿಯಲ್ಲಿ 400 ಹಿಡಿದರು. ಊಟ, ರೈಲು 1,150. ಒಟ್ಟು 8,050. ಅವನಿಗೆ ದಕ್ಷಿಣ ಆಫ್ರಿಕಾ. 2020ರ ಅಕ್ಟೋಬರ್‌ನಲ್ಲಿ ಭಾರತದ ಜೊತೆ ನಿಂತು ಟ್ರಿಪ್ಸ್ ವೇವರ್, ಅಂದರೆ ಕೋವಿಡ್ ಲಸಿಕೆ, ಔಷಧಿಗೆ ಪೇಟೆಂಟ್ ನಿಯಮದ ಸಡಿಲಿಕೆ ಕೇಳಿದ ದೇಶ. 2022ರ ಜೂನ್‌ನಲ್ಲಿ ಸಿಕ್ಕಿದ್ದು ಲಸಿಕೆಗೆ ಮಾತ್ರ, ಔಷಧಿ, ಟೆಸ್ಟ್ ಕಿಟ್ ಹೊರಗೇ ಉಳಿದವು. ಒಂದು ತಿಂಗಳು ಓದಿ ಅದನ್ನೇ ಹೇಳಲು ಎದ್ದರೆ, 'ಪೇಟೆಂಟ್ ಈ ಕಮಿಟಿಯದ್ದಲ್ಲ' ಅಂತ ಸಭೆ ನಡೆಸುವ ಚೇರ್ ಅವನನ್ನು ಕೂರಿಸಿಬಿಟ್ಟರು. ಕಾರವಾರ ಸ್ಟೇಷನ್ ಬರುವವರೆಗೆ ಹುಡುಗ ಬಾಯಿ ಬಿಡಲಿಲ್ಲ.

ಸಿದ್ದಾಪುರದವಳು: ಚೇರ್ ಹೇಳಿದ್ದರಲ್ಲಿ ತಪ್ಪಿಲ್ಲ ಅಣ್ಣಾ, ವೇವರ್ ಕೊಡುವುದು ಡಬ್ಲ್ಯುಟಿಒ (ವಿಶ್ವ ವ್ಯಾಪಾರ ಸಂಸ್ಥೆ). ನನ್ನದು ಬಾಂಗ್ಲಾದೇಶ ಆಗಿತ್ತು. ಹತ್ತನೇತ್ತೆವರೆಗೆ ಕನ್ನಡ ಮಾಧ್ಯಮ, ಮೈಕ್ ಹಿಡಿದಾಗ ಕೈ ನಡುಗುತ್ತಿತ್ತು. ಆದರೂ 90 ಸೆಕೆಂಡಿನಲ್ಲಿ ಮಂಗನ ಕಾಯಿಲೆ ಬಗ್ಗೆ ಹೇಳಿದೆ. 1957ರಲ್ಲಿ ಪಕ್ಕದ ಜಿಲ್ಲೆಯ ಕ್ಯಾಸನೂರಿನಲ್ಲಿ ಕಂಡ ಜ್ವರ. ಸೊಪ್ಪಿನ ಬೆಟ್ಟಕ್ಕೆ ದರಕು ಎಲೆ ತರಲು ಹೋದವರಿಗೆ ಉಣುಗು ಕಚ್ಚಿ ಬರುತ್ತದೆ. ಬಡವರ ರೋಗಕ್ಕೆ ದೊಡ್ಡ ಕಂಪನಿ ಯಾಕೆ ಲಸಿಕೆ ಮಾಡೀತು ಅಂತ ಕೇಳಿದೆ. ಸ್ಪೆಷಲ್ ಮೆನ್ಷನ್ ಬಹುಮಾನ ಬಂತು, ಸರ್ಟಿಫಿಕೇಟ್ ಅಜ್ಜನ ಫೋಟೋ ಪಕ್ಕ ಇಟ್ಟಿದ್ದೇವೆ.

ಕುಮಟಾ ಮೇಷ್ಟ್ರು: ಬಾಂಗ್ಲಾದೇಶದ ಪ್ಲಕಾರ್ಡ್ ಎತ್ತಿ ಸಿದ್ದಾಪುರದ ಕಥೆ ಹೇಳುವುದು ಡೆಲಿಗೇಟ್ ಕೆಲಸವಲ್ಲ. ಆರು ವರ್ಷ ತಂಡ ಕಟ್ಟಿದ್ದೇನೆ, ಮಕ್ಕಳಿಗೆ ಮೊದಲು ಬಿಡಿಸುವ ಚಟ ಇದು. ಇಂಡೋನೇಷ್ಯಾಕ್ಕೆ ತನ್ನದೇ ಗಟ್ಟಿ ವಾದವಿದೆ. ಹಕ್ಕಿಜ್ವರದ ಎಚ್5ಎನ್1 ಮಾದರಿ ಕೊಡುವುದಿಲ್ಲ ಅಂತ 2007ರಲ್ಲಿ ಪಟ್ಟು ಹಿಡಿಯಿತು, ನಮ್ಮ ವೈರಸ್‌ನಿಂದ ಮಾಡಿದ ಲಸಿಕೆ ನಮಗೇ ಕೊಳ್ಳಲಾಗದು ಎಂಬುದು ಅದರ ಸಿಟ್ಟು. ಅದರಿಂದಲೇ ಫ್ಲೂ ವೈರಸ್ ಮಾದರಿ, ಲಸಿಕೆ ಹಂಚಿಕೊಳ್ಳುವ 2011ರ ಪಿಪ್ ಚೌಕಟ್ಟು ಹುಟ್ಟಿತು. 2025ರ ಮೇಯಲ್ಲಿ ಒಪ್ಪಿದ ಮಹಾಮಾರಿ ಒಪ್ಪಂದದಲ್ಲೂ ಅದೇ ಎಳೆ: ಲಸಿಕೆ, ಔಷಧಿ ಉತ್ಪಾದನೆಯ ಶೇ 20 ಡಬ್ಲ್ಯುಎಚ್‌ಒಗೆ, ಅದರಲ್ಲಿ ಕನಿಷ್ಠ ಅರ್ಧ, ಅಂದರೆ ಉತ್ಪಾದನೆಯ ಶೇ 10, ಉಚಿತ ಎಂಬ ಗುರಿ. ಮಾದರಿ ಹಂಚುವ ಅನುಬಂಧ ಮಾತ್ರ ಮುಂದಕ್ಕೆ ಬಿಟ್ಟರು.

ಸಿದ್ದಾಪುರದವಳು: ಮೇಷ್ಟ್ರೇ, ನಮ್ಮ ಕೇರಿಯಲ್ಲಿ ಆ ಜ್ವರಕ್ಕೆ ಮನೆಯವರನ್ನು ಕಳಕೊಂಡವರಿದ್ದಾರೆ. ಅದು ನನಗೆ ಕಥೆಯಲ್ಲ.

ಕುಮಟಾ ಮೇಷ್ಟ್ರು: ಆ ಮಾತು ನನ್ನ ತಪ್ಪು, ತಂಗಿ. ನಿಯಮದ ಮಾತಿನಲ್ಲಿ ಬದಲಿಲ್ಲ.

ಬೈತಖೋಲ, ಕಾರವಾರ: ನಿಯಮವೇ ದೊಡ್ಡದಾದರೆ ನನ್ನ ಮಗನನ್ನು ಕೂರಿಸಿದ ಚೇರ್, ಆಮೇಲೆ ತನ್ನ ಕಾಲೇಜಿನ ಹುಡುಗನಿಗೆ ಅದೇ ಪೇಟೆಂಟ್ ಮಾತಿಗೆ ನಾಲ್ಕು ನಿಮಿಷ ಕೊಟ್ಟದ್ದು ಯಾವ ನಿಯಮ?

ಶಿರಸಿ ಅಮ್ಮ: ಫೀ ಕಟ್ಟಿದೆ. ಬ್ಲೇಜರ್ ಬೇಕೇಬೇಕಾ, ಚೂಡಿದಾರ ಆಗ್ತದಾ?

ಬೈತಖೋಲ, ಕಾರವಾರ: ಬಾಡಿಗೆ ಮಾತ್ರ ಬೇಡ. ಆ 400 ಇನ್ನೂ ಬರಬೇಕು.